48ರ ವಯಸ್ಸಿನಲ್ಲಿ ತೆಳುವಾದ ಕೂದಲು, ಹಳೆಯ ಅಳತೆಯ ಉಡುಪು: ಗ್ರಾಹಕರ ಎದುರು ಹೇಗೆ ಕಾಣಿಸಿಕೊಳ್ಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 48 ವರ್ಷ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದೇನೆ. ಇಷ್ಟು ದಿನ ನನ್ನ ಒಡನಾಟವೆಲ್ಲ ಕಡತಗಳ ಜೊತೆಗಿತ್ತು. ನಾನು ಬರೆದ ವರದಿಯನ್ನು ಬೇರೊಬ್ಬರು ಗ್ರಾಹಕರ ಮುಂದೆ ಮಂಡಿಸುತ್ತಿದ್ದರು. ಮೂರು ತಿಂಗಳ ಹಿಂದೆ ಜವಾಬ್ದಾರಿ ಬದಲಾಯಿತು. ಈಗ ವಾರಕ್ಕೆ ಎರಡು ಮೂರು ಬಾರಿ ನಾನೇ ಗ್ರಾಹಕ ಸಂಸ್ಥೆಗಳ ನಿರ್ದೇಶಕರ ಎದುರು ನಿಂತು ಮಾತನಾಡಬೇಕಾಗಿದೆ.

ಕಳೆದ ತಿಂಗಳು ಅಂಥ ಒಂದು ಸಭೆಯ ವಿಡಿಯೊ ನೋಡಿದೆ. ಕ್ಯಾಮೆರಾ ಕೋಣೆಯ ಹಿಂಬದಿಯ ಮೂಲೆಯಲ್ಲಿ, ಎತ್ತರದಲ್ಲಿತ್ತು. ನಾನು ಪರದೆಯ ಕಡೆಗೆ ತಿರುಗಿದಾಗಲೆಲ್ಲ ನನ್ನ ನೆತ್ತಿ ಕಾಣುತ್ತಿತ್ತು. ಕನ್ನಡಿಯಲ್ಲಿ ಎಂದೂ ನೋಡಿರದ ಆ ಭಾಗವು ನಾನು ಅಂದುಕೊಂಡಿದ್ದಕ್ಕಿಂತ ಬಹಳ ಖಾಲಿಯಾಗಿತ್ತು. ಮೂವತ್ತೈದರಿಂದಲೇ ಹಣೆಯ ಎರಡೂ ಬದಿಯಲ್ಲಿ ಕೂದಲು ಹಿಂದೆ ಸರಿಯುತ್ತಿತ್ತು. ಅದನ್ನು ಮುಚ್ಚಲೆಂದು ಎಡಕಿವಿಯ ಮೇಲೆ ಬೈತಲೆ ತೆಗೆದು, ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಕೂದಲನ್ನು ನೆತ್ತಿಯ ಮೇಲೆ ಹಾಯಿಸಿ ಬಾಚುತ್ತೇನೆ. ಗಾಳಿ ಬೀಸುವ ಕಡೆ ಕೂರುವುದಿಲ್ಲ. ಹತ್ತು ವರ್ಷಗಳಿಂದ ಕಪ್ಪು ಬಣ್ಣ ಹಚ್ಚುತ್ತಿದ್ದೇನೆ. ಮೂರು ವಾರ ಕಳೆಯುವಷ್ಟರಲ್ಲಿ ಬುಡದಲ್ಲಿ ಬಿಳಿಯ ಗೆರೆ ಮೂಡುತ್ತದೆ.

ಉಡುಪಿನ ವಿಷಯವೂ ಸಮಾಧಾನಕರವಾಗಿಲ್ಲ. ಹೊಟ್ಟೆ ಬಂದ ಮೇಲೆ ಅದು ಕಾಣಬಾರದೆಂದು ಒಂದು ಅಳತೆ ದೊಡ್ಡದಾದ ಅಂಗಿಗಳನ್ನು ಕೊಳ್ಳತೊಡಗಿದೆ. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇನೆ. ವಿಡಿಯೊದಲ್ಲಿ ನಾನು ಬೇರೆ ಯಾರದೋ ಬಟ್ಟೆ ತೊಟ್ಟವನಂತೆ ಕಂಡೆ. ಯಾರೂ ಏನೂ ಹೇಳಿಲ್ಲ, ಸಹೋದ್ಯೋಗಿಗಳು ಒಳ್ಳೆಯವರು. ಆದರೆ ಯುವಕನಂತೆ ವೇಷ ಹಾಕುವುದೂ ನನಗೆ ಬೇಡ, ಎಲ್ಲವನ್ನೂ ಕೈಬಿಟ್ಟವನಂತೆ ಕಾಣುವುದೂ ಬೇಡ. ಬಣ್ಣ ಹಚ್ಚುವುದನ್ನು ನಿಲ್ಲಿಸಬೇಕೇ, ನಿಲ್ಲಿಸಿದರೆ ನಡುವಿನ ತಿಂಗಳುಗಳನ್ನು ಹೇಗೆ ದಾಟಬೇಕು, ಹೊಟ್ಟೆಯಿರುವ ಮೈಗೆ ಯಾವ ಬಗೆಯ ಉಡುಪು ಒಪ್ಪುತ್ತದೆ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಾನು ನಿಮಗಿಂತ ಐದು ವರ್ಷ ದೊಡ್ಡವನು, ಇದೇ ದಾರಿಯಲ್ಲಿ ನಡೆದು ಬಂದವನು. ಗಾಳಿ ಬೀಸುವ ಕಡೆ ಕೂರುವುದಿಲ್ಲ ಎಂದು ನೀವು ಬರೆದ ಸಾಲನ್ನು ಓದಿದಾಗ ನನ್ನದೇ ಹಳೆಯ ದಿನಗಳು ನೆನಪಾದವು. ಆದ್ದರಿಂದ ಕೂದಲಿನ ಬಗ್ಗೆ ಮಾತ್ರ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪಕ್ಕದ ಕೂದಲನ್ನು ನೆತ್ತಿಗೆ ಎಳೆದು ಬಾಚಿದರೆ ಮರೆಯಾಗುತ್ತದೆ ಎಂದು ನಮಗೆ ಅನ್ನಿಸುವುದು ಕನ್ನಡಿಯನ್ನು ಎದುರಿನಿಂದ ಮಾತ್ರ ನೋಡುವುದರಿಂದ. ನೋಡುವವರ ಕಣ್ಣು ಮೊದಲು ಹಿಡಿಯುವುದು ದಟ್ಟ ಕಪ್ಪಿಗೂ ಅದರ ನಡುವೆ ಇಣುಕುವ ಚರ್ಮಕ್ಕೂ ಇರುವ ಬಣ್ಣದ ಅಂತರವನ್ನು. ಕೂದಲು ಉದ್ದವಿದ್ದಷ್ಟೂ ಬೆವರಿಗೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಚರ್ಮದ ಪಟ್ಟೆಗಳು ತೆರೆದುಕೊಳ್ಳುತ್ತವೆ. ಕಪ್ಪು ಬಣ್ಣ ಹಚ್ಚಿದಷ್ಟೂ ಆ ಪಟ್ಟೆಗಳು ಎದ್ದು ಕಾಣುತ್ತವೆ. ಎಂದರೆ ಉದ್ದ ಕೂದಲು ಮತ್ತು ಕಪ್ಪು ಬಣ್ಣ ಎರಡೂ ಸೇರಿ, ನೀವು ಮುಚ್ಚಲು ಹೊರಟಿದ್ದನ್ನೇ ತೋರಿಸಿಕೊಡುತ್ತಿವೆ. ನರೆತ ಕೂದಲಿಗೂ ಚರ್ಮಕ್ಕೂ ಅಷ್ಟು ಅಂತರವಿರುವುದಿಲ್ಲ, ಆದ್ದರಿಂದ ಅಷ್ಟೇ ಕೂದಲು ಇನ್ನೂ ತುಂಬಿಕೊಂಡಂತೆ ಕಾಣುತ್ತದೆ. ಇದನ್ನು ನಾನು ನಂಬಿದ್ದು ನನ್ನ ತಲೆಯ ಮೇಲೆಯೇ ಕಂಡ ಬಳಿಕ.

ಕ್ಷೌರಿಕರಿಗೆ ಹೇಳಬೇಕಾದ ಮಾತು ಸರಳವಾದದ್ದು: ಬದಿಗಳು ನೆತ್ತಿಗಿಂತ ಗಿಡ್ಡವಾಗಿರಬೇಕು. ಬದಿಯ ಕೂದಲು ಉಬ್ಬಿ ನಿಂತರೆ ನೆತ್ತಿ ಇನ್ನಷ್ಟು ಬರಿದಾಗಿ ತೋರುತ್ತದೆ. ಟ್ರಿಮ್ಮರಿನ ಬಾಚಣಿಗೆಗಳಲ್ಲಿ 2 ಎಂದರೆ ಸುಮಾರು 6 ಮಿಲಿಮೀಟರ್, 4 ಎಂದರೆ ಸುಮಾರು 12 ಮಿಲಿಮೀಟರ್. ಬದಿಗೆ 2, ನೆತ್ತಿಗೆ 4 ಎಂದು ಆರಂಭಿಸಿದರೆ ಅದು ಬೋಳಿಸಿದಂತೆ ಕಾಣುವುದಿಲ್ಲ. ಅಷ್ಟು ಧೈರ್ಯ ಬಾರದಿದ್ದರೆ ಮೊದಲ ಸಲ ಕತ್ತರಿಯಿಂದಲೇ ಎರಡೂವರೆ ಸೆಂಟಿಮೀಟರಿಗೆ ಇಳಿಸಿ, ಮೂರು ವಾರದ ನಂತರ ಇನ್ನಷ್ಟು ಇಳಿಸಿ.

ಬಣ್ಣ ನಿಲ್ಲಿಸುವ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹತ್ತು ಸೆಂಟಿಮೀಟರ್ ಉದ್ದವನ್ನು ಹಾಗೆಯೇ ಇಟ್ಟುಕೊಂಡು ಬಣ್ಣ ಬಿಟ್ಟರೆ ಹತ್ತು ತಿಂಗಳು ಎರಡು ಬಣ್ಣದ ತಲೆಯಲ್ಲಿ ತಿರುಗಬೇಕಾಗುತ್ತದೆ, ಬಹಳ ಜನ ಸೋತು ಮತ್ತೆ ಬಣ್ಣದ ಡಬ್ಬಿ ತೆರೆಯುವುದು ಇದರಿಂದಲೇ. ನೆತ್ತಿಯಲ್ಲಿ 12 ಮಿಲಿಮೀಟರ್ ಸಾಕೆಂದು ಒಪ್ಪಿಕೊಂಡವರಿಗೆ ಐದಾರು ವಾರಗಳಲ್ಲಿ ಎಲ್ಲವೂ ಮುಗಿಯುತ್ತದೆ. ರಜೆ ಹಾಕುವ ಸಂದರ್ಭವಿದ್ದರೆ ಅದರ ಮೊದಲ ದಿನವೇ ಕತ್ತರಿಸಿಬಿಡಿ.

ಗಡ್ಡ ಬಿಡುವ ಮನಸ್ಸಿದ್ದರೆ ತಲೆಗೂದಲಿನಷ್ಟೇ ಗಿಡ್ಡವಾಗಿರಲಿ, ಕತ್ತಿನ ಅಂಚು ಸ್ವಚ್ಛವಾಗಿರಲಿ. ಕಿವಿ, ಮೂಗಿನ ಕೂದಲು ಮತ್ತು ಹುಬ್ಬಿನ ಉದ್ದನೆಯ ಎಳೆಗಳನ್ನು ಪ್ರತಿ ಕ್ಷೌರದಲ್ಲೂ ತೆಗೆಸಬೇಕು. ನಮ್ಮ ವಯಸ್ಸಿನಲ್ಲಿ ಅವು ತಲೆಗಿಂತ ಚುರುಕಾಗಿ ಬೆಳೆಯುವಂತೆ ತೋರುತ್ತವೆ. ಕೂದಲು ಗಿಡ್ಡವಾದ ಮೇಲೆ ನೆತ್ತಿಯ ಚರ್ಮ ನೇರ ಬಿಸಿಲಿಗೆ ಬೀಳುತ್ತದೆ, ಹೊರಗೆ ಹೋಗುವಾಗ ಟೋಪಿಯನ್ನೋ ಸನ್‌ಸ್ಕ್ರೀನನ್ನೋ ಮರೆಯಬೇಡಿ.

ಎರಡನೆಯ ಉತ್ತರ

ನಾನು ಗಂಡಸರ ಉಡುಪು ಹೊಲಿಯುವ ದರ್ಜಿ. ಈ ವೃತ್ತಿಯಲ್ಲಿ ಮೂವತ್ತು ವರ್ಷ ಕಳೆದಿದ್ದೇನೆ. ಒಂದು ಅಳತೆ ದೊಡ್ಡ ಅಂಗಿಯಲ್ಲಿ ಹೊಟ್ಟೆ ಮರೆಯಾಗುತ್ತದೆ ಎಂದು ನಂಬಿ ಬರುವವರೇ ನನ್ನ ಬಳಿ ಹೆಚ್ಚು. ತಾವು ಬೇರೆಯವರ ಬಟ್ಟೆ ತೊಟ್ಟಂತೆ ಕಂಡಿರಿ ಎಂದಿರಲ್ಲ, ಅದು ನಿಜವಾದ ನೋಟ. ದೊಡ್ಡ ಅಂಗಿ ಹೊಟ್ಟೆಯ ಜಾಗದಲ್ಲಿ ಮಾತ್ರ ದೊಡ್ಡದಾಗಿರುವುದಿಲ್ಲ, ಹೆಗಲು, ಕುತ್ತಿಗೆ, ತೋಳು ಎಲ್ಲೆಡೆಯೂ ದೊಡ್ಡದಾಗಿರುತ್ತದೆ. ಹೆಗಲಿನ ಹೊಲಿಗೆ ತೋಳಿನ ಮೇಲೆ ಜಾರುತ್ತದೆ, ತೋಳಿನ ತುದಿ ಹೆಬ್ಬೆರಳಿನ ಬುಡಕ್ಕೆ ಬರುತ್ತದೆ, ಕಾಲರಿನೊಳಗೆ ಕತ್ತು ಸೊರಗಿದಂತೆ ಕಾಣುತ್ತದೆ. ಹೊಟ್ಟೆ ಮಾತ್ರ ಎಲ್ಲಿಯೂ ಮರೆಯಾಗುವುದಿಲ್ಲ.

ಅಂಗಿಯನ್ನು ಹೆಗಲಿನಿಂದ ಆರಿಸಬೇಕು. ಹೆಗಲಿನ ಹೊಲಿಗೆ ಹೆಗಲ ಮೂಳೆಯ ಅಂಚಿನಲ್ಲಿ ಕೂರಬೇಕು, ತೋಳು ಮಣಿಕಟ್ಟಿನ ಮೂಳೆಗೆ ನಿಲ್ಲಬೇಕು, ಕಾಲರಿನ ಗುಂಡಿ ಹಾಕಿದಾಗ ಒಂದೆರಡು ಬೆರಳು ಸಲೀಸಾಗಿ ಒಳಹೋಗಬೇಕು. ಹೊಟ್ಟೆ ಮುಂದೆ ಬಂದವರಿಗೆ ಇನ್ನೊಂದು ತೊಂದರೆಯಿದೆ, ಸಿದ್ಧ ಉಡುಪಿನಲ್ಲಿ ಅದಕ್ಕೆ ಪರಿಹಾರ ಸಿಗುವುದು ಕಷ್ಟ: ಅಂಗಿಯ ಮುಂಭಾಗ ಹೊಟ್ಟೆಯನ್ನು ಹತ್ತಿ ಇಳಿಯಬೇಕಾದ್ದರಿಂದ ಮೇಲಕ್ಕೆ ಎಳೆಯುತ್ತದೆ, ಹಿಂಭಾಗ ಜೋತು ಬೀಳುತ್ತದೆ. ಗಣಕಯಂತ್ರದ ಮುಂದೆ ವರ್ಷಗಟ್ಟಲೆ ಕುಳಿತು ಬೆನ್ನಿನ ಮೇಲ್ಭಾಗ ಬಾಗಿದ್ದರೆ ಕಾಲರು ಕತ್ತಿನ ಹಿಂದೆ ಬಿಟ್ಟುಕೊಂಡು ನಿಲ್ಲುತ್ತದೆ. ಅಳತೆ ಕೊಟ್ಟು ಹೊಲಿಸುವಾಗ ಮುಂಭಾಗಕ್ಕೆ ಸ್ವಲ್ಪ ಉದ್ದ ಹೆಚ್ಚು ಕೊಡುವಂತೆ ಹೇಳಿ. ಅಳತೆ ಕೊಡುವಾಗ ಉಸಿರೆಳೆದು ಹೊಟ್ಟೆಯನ್ನು ಒಳಗೆ ಹಿಡಿಯಬೇಡಿ. ಹಾಗೆ ಹಿಡಿದ ಅಳತೆಗೆ ಹೊಲಿದ ಬಟ್ಟೆಯನ್ನು ತೊಟ್ಟು ಇಡೀ ದಿನ ಕೂರುವವರು ತಾವೇ.

ಪ್ಯಾಂಟಿನ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಹೊಟ್ಟೆಯ ಕೆಳಗೆ ಕಟ್ಟಿದ ಪ್ಯಾಂಟಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ನಡೆದಂತೆಲ್ಲ ಅದು ಜಾರುತ್ತದೆ, ಹಿಂಭಾಗ ಸಡಿಲವಾಗಿ ತೂಗುತ್ತದೆ, ಅಂಗಿ ಹೊರಗೆ ಬರುತ್ತದೆ, ಕಾಲಿನ ಬಟ್ಟೆ ಬೂಟಿನ ಮೇಲೆ ಗುಪ್ಪೆ ಬೀಳುತ್ತದೆ. ತೊಡೆಸಂದಿನಿಂದ ಸೊಂಟದವರೆಗಿನ ಎತ್ತರ ಹೆಚ್ಚಿರುವ, ಹೊಕ್ಕುಳಿನ ಸಮೀಪಕ್ಕೆ ಬರುವ ಪ್ಯಾಂಟನ್ನು ಮುಂದೆ ಒಂದು ನೆರಿಗೆ ಇಟ್ಟು ಹೊಲಿಸಿ ನೋಡಿ. ಸೊಂಟಪಟ್ಟಿಯ ಸುತ್ತಳತೆಯ ಅಂಕಿ ದೊಡ್ಡದಾಗುತ್ತದೆ, ಅದಕ್ಕೆ ನೊಂದುಕೊಳ್ಳಬೇಡಿ. ಬದಿಯಿಂದ ನೋಡಿದರೆ ಎದೆಯಿಂದ ಬೂಟಿನವರೆಗೆ ಒಂದೇ ಗೆರೆ ಇಳಿದಂತೆ ಕಾಣುತ್ತದೆ, ಕಾಲೂ ಉದ್ದವಾಗಿ ತೋರುತ್ತದೆ. ಕಾಲಿನ ತುದಿ ಬೂಟಿನ ಮುಂಭಾಗವನ್ನು ಹಗುರವಾಗಿ ಮುಟ್ಟಿದರೆ ಸಾಕು.

ಕೋಟು ಹಾಕುವ ಸಭೆಗಳಿದ್ದರೆ ಕೊಳ್ಳುವ ಮುನ್ನ ಹೆಗಲನ್ನೇ ನೋಡಿ. ಸೊಂಟ, ತೋಳಿನ ಉದ್ದ ಇವನ್ನು ನಾವು ಸುಲಭವಾಗಿ ಸರಿಪಡಿಸಬಲ್ಲೆವು. ಹೆಗಲನ್ನು ಬಿಚ್ಚಿ ಕೂರಿಸುವುದು ಹೊಸ ಕೋಟು ಹೊಲಿದಷ್ಟೇ ಶ್ರಮದ ಕೆಲಸ. ಗುಂಡಿ ಹಾಕಿದಾಗ ಅದರ ಸುತ್ತ ಕತ್ತರಿಯಾಕಾರದ ಸುಕ್ಕು ಬಿದ್ದರೆ ಕೋಟು ಬಿಗಿ ಎಂದು ಅರ್ಥ. ಅಂಗಿಯ ತೋಳಿನ ಪಟ್ಟಿ ಕೋಟಿನ ತೋಳಿನಿಂದ ಒಂದು, ಒಂದೂವರೆ ಸೆಂಟಿಮೀಟರ್ ಹೊರಗೆ ಕಾಣಬೇಕು. ಎರಡು ಗುಂಡಿಯ ಕೋಟಾದರೆ ಕೆಳಗಿನದನ್ನು ಹಾಕುವುದಿಲ್ಲ, ಕೂರುವಾಗ ಮೇಲಿನದನ್ನೂ ಬಿಚ್ಚಿಬಿಡಿ.

ಬಣ್ಣಗಳಲ್ಲಿ ಕಡುನೀಲಿ ಮತ್ತು ನಡುಬೂದು, ಅಂಗಿಗೆ ತಿಳಿನೀಲಿ ಅಥವಾ ಬಿಳಿ ಎಂದು ನಿಂತರೆ ನರೆಗೂದಲಿನ ಜೊತೆ ಯಾವುದೂ ಜಗಳವಾಡುವುದಿಲ್ಲ. ಹೊಳೆಯುವ ಪಾಲಿಯೆಸ್ಟರ್ ಸಭಾಂಗಣದ ದೀಪದ ಕೆಳಗೆ ಹೊಟ್ಟೆಯ ಉಬ್ಬನ್ನೇ ಮಿನುಗಿಸುತ್ತದೆ. ತಮ್ಮ ಸಭೆಗಳ ವಿಡಿಯೊ ತೆಗೆಯುತ್ತಾರಾದ್ದರಿಂದ ಒತ್ತೊತ್ತಾದ ಸಣ್ಣ ಗೆರೆ, ಸಣ್ಣ ಚೌಕುಳಿಗಳೂ ಬೇಡ. ಪರದೆಯ ಮೇಲೆ ಅವು ಅಲೆಯಾಡಿದಂತೆ ಕಂಡು ಕಣ್ಣಿಗೆ ತೊಂದರೆ ಕೊಡುತ್ತವೆ. ಈಗಿರುವ ಅಂಗಿಗಳನ್ನು ಎಸೆಯುವ ಮುನ್ನ ಒಬ್ಬ ಒಳ್ಳೆಯ ದರ್ಜಿಗೆ ತೋರಿಸಿ: ಹೆಗಲು ಸರಿಯಾಗಿರುವ ಅಂಗಿಯ ಬದಿಗಳನ್ನು ಹಿಡಿಸಬಹುದು, ತೋಳನ್ನು ಮೋಟುಮಾಡಬಹುದು, ಅಂಚು ಸವೆದ ಕಾಲರನ್ನು ತಿರುವಿ ಹೊಲಿಯಬಹುದು.

ಮೂರನೆಯ ಉತ್ತರ

ಚರ್ಮರೋಗ ವೈದ್ಯೆಯಾಗಿ ಎರಡು ಮೂರು ಮಾತು ಸೇರಿಸುತ್ತೇನೆ. ಹಣೆಯ ಬದಿಗಳಿಂದ ಆರಂಭವಾಗಿ ನೆತ್ತಿಗೆ ಬಂದ, ವರ್ಷಗಟ್ಟಲೆ ನಿಧಾನವಾಗಿ ನಡೆದ ನಿಮ್ಮ ಕೂದಲುದುರುವಿಕೆ ಗಂಡಸರಲ್ಲಿ ಸಾಮಾನ್ಯವಾಗಿ ಕಾಣುವ ಆನುವಂಶಿಕ ಬಗೆಯದೆಂದು ತೋರುತ್ತದೆ. ಹ್ಯಾಮಿಲ್ಟನ್ 1951ರಲ್ಲಿ ವರ್ಗೀಕರಿಸಿ ನಾರ್ವುಡ್ 1975ರಲ್ಲಿ ಪರಿಷ್ಕರಿಸಿದ ಏಳು ಹಂತಗಳ ಅಳತೆಯನ್ನು ನಾವು ಇಂದಿಗೂ ಬಳಸುತ್ತೇವೆ. ಟೆಸ್ಟೊಸ್ಟೆರೋನಿನಿಂದ ಉಂಟಾಗುವ ಡೈಹೈಡ್ರೊಟೆಸ್ಟೊಸ್ಟೆರೋನ್ ಎಂಬ ಹಾರ್ಮೋನಿಗೆ ನೆತ್ತಿಯ ಕೂದಲ ಬುಡಗಳು ಸೂಕ್ಷ್ಮವಾಗಿದ್ದು, ಪ್ರತಿ ಸುತ್ತಿನಲ್ಲೂ ಹಿಂದಿನದಕ್ಕಿಂತ ತೆಳುವಾದ, ಗಿಡ್ಡವಾದ ಕೂದಲನ್ನು ಕೊಡುತ್ತಾ ಹೋಗುತ್ತವೆ. ಟೋಪಿ ಹಾಕಿದ್ದು, ಕೂದಲು ಕತ್ತರಿಸಿದ್ದು ಇದಕ್ಕೆ ಕಾರಣವಲ್ಲ.

ಚಿಕಿತ್ಸೆ ಬೇಕೆನಿಸಿದರೆ ಎರಡು ಔಷಧಗಳಿಗೆ ಗಟ್ಟಿಯಾದ ಆಧಾರವಿದೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಔಷಧವಾಗಿತ್ತು. ತಲೆಗೆ ಹಚ್ಚುವ ರೂಪಕ್ಕೆ ಅಮೆರಿಕದಲ್ಲಿ 1988ರಲ್ಲಿ ಅನುಮತಿ ದೊರೆಯಿತು. ಆರಂಭದಲ್ಲಿ ಕೆಲವರಿಗೆ ಕೂದಲು ಇನ್ನಷ್ಟು ಉದುರುತ್ತದೆ, ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದು ಹೋಗುತ್ತದೆ. ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆಗೆ ಅದೇ ದೇಶದಲ್ಲಿ 1997ರಲ್ಲಿ ಅನುಮತಿ ಸಿಕ್ಕಿತು. ಕೆಲವರಲ್ಲಿ ಅದು ಲೈಂಗಿಕ ಅಡ್ಡಪರಿಣಾಮಗಳನ್ನು ಉಂಟುಮಾಡುತ್ತದೆ. ನಿಮ್ಮ ವಯಸ್ಸಿನವರಿಗೆ ಮುಖ್ಯವಾದ ಇನ್ನೊಂದು ವಿಷಯವೆಂದರೆ, ಪ್ರಾಸ್ಟೇಟ್ ಗ್ರಂಥಿಯ ತಪಾಸಣೆಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಈ ಮಾತ್ರೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಆದ್ದರಿಂದ ಪರೀಕ್ಷೆ ಮಾಡಿಸುವಾಗ ವೈದ್ಯರಿಗೆ ತಿಳಿಸಲೇಬೇಕು. ವೈದ್ಯರನ್ನು ಕಾಣದೆ ಇದನ್ನು ಆರಂಭಿಸಬೇಡಿ. ಕೆಲವೇ ವಾರಗಳಲ್ಲಿ ಕೂದಲು ಹಿಡಿಹಿಡಿಯಾಗಿ ಉದುರಿದರೆ, ಗುಂಡಗಿನ ತೇಪೆಗಳಾದರೆ, ಅದು ಬೇರೆಯೇ ಕಾಯಿಲೆ, ತಡಮಾಡದೆ ತೋರಿಸಿ.

ಬಣ್ಣದ ಬಗ್ಗೆ: ಕಡುಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಪ್ಯಾರಾ-ಫಿನೈಲಿನ್‌ಡಯಮೀನ್ ಇರುತ್ತದೆ. ವರ್ಷಗಟ್ಟಲೆ ತೊಂದರೆಯಿಲ್ಲದೆ ಬಳಸಿದವರಿಗೂ ಒಂದು ದಿನ ಅದರ ಅಲರ್ಜಿ ಶುರುವಾಗಬಹುದು. ಹಚ್ಚಿದ ಬಳಿಕ ನೆತ್ತಿ ತುರಿಸುವುದು, ಕಿವಿಯ ಅಂಚು ಅಥವಾ ರೆಪ್ಪೆ ಊದಿಕೊಳ್ಳುವುದು ಕಂಡರೆ ಮತ್ತೆ ಹಚ್ಚಬೇಡಿ. ಮುಂದುವರಿಸುವುದಾದರೆ ಪ್ರತಿ ಬಾರಿಯೂ 48 ಗಂಟೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ.

ನಾಲ್ಕನೆಯ ಉತ್ತರ

ಮೊದಲ ಉತ್ತರದ ಬಹುಪಾಲನ್ನು ಒಪ್ಪುತ್ತೇನೆ, ಆದರೆ ಬಣ್ಣ ಬಿಡುವುದೊಂದೇ ದಾರಿ ಎಂಬಂತೆ ಬರೆದಿರುವುದಕ್ಕೆ ನನ್ನ ತಕರಾರಿದೆ. ನಾನು ಅನೇಕ ವರ್ಷ ನೇಮಕಾತಿ ಸಮಿತಿಗಳಲ್ಲಿ ಕುಳಿತಿದ್ದೇನೆ. ವಯಸ್ಸನ್ನು ನೋಡಿ ಮನಸ್ಸು ಮಾಡಿಕೊಳ್ಳುವವರು ಆ ಕುರ್ಚಿಗಳಲ್ಲಿ ಇದ್ದಾರೆ. ಬಾಯಿಬಿಟ್ಟು ಹೇಳದಿದ್ದರೂ ಅವರ ಪ್ರಶ್ನೆಗಳಲ್ಲಿ ಅದು ಕೇಳಿಸುತ್ತದೆ. ಹಾಗಿರುವಾಗ ಬಣ್ಣ ಹಚ್ಚುವವರನ್ನು ಸುಳ್ಳು ವೇಷದವರೆಂದು ನೋಡುವುದು ಅನ್ಯಾಯ. ಹೆಂಗಸರಾದ ನಮಗೆ ಈ ಲೆಕ್ಕಾಚಾರ ಇನ್ನೂ ಬೇಗ ಶುರುವಾಗುತ್ತದೆ.

ಬಣ್ಣ ಉಳಿಸಿಕೊಳ್ಳುವ ಮನಸ್ಸಿದ್ದರೆ ಕಡುಕಪ್ಪನ್ನು ಬಿಡಿ. ಮುಖದಲ್ಲಿ ಗೆರೆಗಳಿದ್ದು ಕೂದಲು ಮಾತ್ರ ಒಂದೇ ಸಮನೆ ಕಪ್ಪಾಗಿದ್ದರೆ ಎರಡೂ ಬೇರೆಬೇರೆ ಜನರದ್ದೆಂದು ಅನ್ನಿಸುತ್ತದೆ. ನಿಮ್ಮ ಸಹಜ ಬಣ್ಣಕ್ಕಿಂತ ಒಂದೆರಡು ಛಾಯೆ ತಿಳಿಯಾದ ಕಂದು, ಅದರಲ್ಲೂ ತೊಳೆದಂತೆ ಕ್ರಮೇಣ ಮಾಸುವ ಬಗೆಯದು, ನರೆಯನ್ನು ಪೂರ್ತಿ ಮುಚ್ಚದೆ ಅದರೊಡನೆ ಬೆರೆಯುತ್ತದೆ. ಬುಡದ ಬಿಳಿಗೆರೆಯೂ ಅಷ್ಟು ತೀಕ್ಷ್ಣವಾಗಿ ಕಾಣುವುದಿಲ್ಲ. ಕೆನ್ನೆಯ ಬದಿಯ ನರೆಯನ್ನು ಹಾಗೆಯೇ ಬಿಡಬಹುದು.

ಇದಕ್ಕಿಂತ ಮುಖ್ಯವೆಂದು ನನಗೆ ತೋರುವ ಮಾತೊಂದಿದೆ. ಎದುರು ಕುಳಿತವರು ಬೋಳುತಲೆಯವರು, ನರೆತವರು, ದಪ್ಪನೆಯವರು ಎಂಬುದು ಮಾತು ಶುರುವಾದ ಐದು ನಿಮಿಷಕ್ಕೆ ನನಗೆ ಮರೆತುಹೋಗುತ್ತಿತ್ತು. ಮರೆಯದೆ ಉಳಿಯುತ್ತಿದ್ದುದು ಅವರ ಕೈ. ಕಠಿಣ ಪ್ರಶ್ನೆ ಬಂದಾಗಲೆಲ್ಲ ಕೂದಲನ್ನು ಸರಿಪಡಿಸಿಕೊಳ್ಳುವ, ಅಂಗಿಯನ್ನು ಹೊಟ್ಟೆಯಿಂದ ಬಿಡಿಸಿ ಎಳೆದುಕೊಳ್ಳುವ, ಪ್ಯಾಂಟನ್ನು ಮೇಲೇರಿಸುವ ಕೈ. ಉತ್ತರ ಗೊತ್ತಿದ್ದವರೂ ಆಗ ಅಳುಕುವವರಂತೆ ಕಾಣುತ್ತಿದ್ದರು. ನೀವು ಗಾಳಿಯನ್ನು ನೋಡಿ ಕುರ್ಚಿ ಆರಿಸುತ್ತೀರಿ ಎಂದಿರಿ. ಸಭೆಯಲ್ಲಿ ಲೆಕ್ಕದ ಮೇಲಿರಬೇಕಾದ ನಿಮ್ಮ ಗಮನದ ಒಂದು ಪಾಲು ತಲೆಯ ಕಾವಲಿಗೆ ಹೋಗುತ್ತಿದೆ. ಬಣ್ಣವಿರಲಿ ಇಲ್ಲದಿರಲಿ, ಬೆಳಿಗ್ಗೆ ಒಮ್ಮೆ ಸಿದ್ಧವಾದ ಮೇಲೆ ಸಂಜೆಯವರೆಗೆ ಮುಟ್ಟಿ ನೋಡುವ ಅಗತ್ಯವಿಲ್ಲದ್ದನ್ನು ಆರಿಸಿಕೊಳ್ಳಿ.

ಪ್ರಶ್ನೆ ಕೇಳಿದವರ ಮರುಬರಹ, ಏಳು ವಾರಗಳ ನಂತರ

ನಾಲ್ವರಿಗೂ ಕೃತಜ್ಞತೆಗಳು. ತಡವಾಗಿ ಬರೆಯುತ್ತಿರುವುದಕ್ಕೆ ಕಾರಣ, ಮಾಡಿ ನೋಡಿಯೇ ಹೇಳೋಣ ಎಂದುಕೊಂಡದ್ದು.

ಒಂದು ವಾರದ ರಜೆಯ ಮೊದಲ ದಿನ ಕೂದಲನ್ನು ಎರಡೂವರೆ ಸೆಂಟಿಮೀಟರಿಗೆ ಇಳಿಸಿದೆ. ಆ ದಿನ ಕನ್ನಡಿ ನೋಡುವುದು ಕಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮೂರು ವಾರದ ಬಳಿಕ ಬದಿಗೆ 2, ನೆತ್ತಿಗೆ 4 ಮಾಡಿಸಿದೆ. ನೆತ್ತಿಯ ತುದಿಗಳಲ್ಲಿ ಕೆಲವು ದಿನ ಬಣ್ಣ ಉಳಿದಿತ್ತು. ಕಳೆದ ವಾರದ ಕ್ಷೌರದಲ್ಲಿ ಅದೂ ಹೋಯಿತು. ಬಣ್ಣವನ್ನು ಮತ್ತೆ ಹಚ್ಚಲಿಲ್ಲ. ನಾಲ್ಕನೆಯ ಉತ್ತರದ ಮಾತನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಹಿಂದೆ ಹಚ್ಚಿದಾಗಲೆಲ್ಲ ಕಿವಿಯ ಹಿಂದೆ ತುರಿಸುತ್ತಿತ್ತು ಎಂಬುದು ವೈದ್ಯೆಯವರ ಬರಹ ಓದಿದ ಮೇಲೆಯೇ ನನಗೆ ಹೊಳೆದದ್ದು. ಔಷಧದ ಗೋಜಿಗೆ ಸದ್ಯ ಹೋಗುವುದಿಲ್ಲ.

ಹನ್ನೊಂದು ಅಂಗಿಗಳನ್ನು ದರ್ಜಿಯ ಬಳಿ ಒಯ್ದೆ. ಹೆಗಲು ಸರಿಯಿದ್ದವು ನಾಲ್ಕೇ. ನನ್ನ ಕತ್ತಿನ ಅಳತೆ 40 ಸೆಂಟಿಮೀಟರ್. ಇಷ್ಟು ವರ್ಷ 43ರ ಕಾಲರು ತೊಡುತ್ತಿದ್ದೆ. ನೆರಿಗೆಯಿಟ್ಟು ಎತ್ತರದ ಸೊಂಟದ ಎರಡು ಪ್ಯಾಂಟು ಹೊಲಿಸಿದೆ. ಅವನ್ನು ತೊಟ್ಟು ಮೊದಲ ಸಭೆಗೆ ಹೋದ ದಿನ, ಒಂದೂವರೆ ಗಂಟೆಯಲ್ಲಿ ಒಮ್ಮೆಯೂ ಪ್ಯಾಂಟನ್ನು ಮೇಲೆಳೆದುಕೊಳ್ಳಲಿಲ್ಲ ಎಂಬುದು ಹೊರಬಂದ ಮೇಲೆ ನೆನಪಾಯಿತು. ಸಹೋದ್ಯೋಗಿಗಳಲ್ಲಿ ಒಬ್ಬರು ಮಾತ್ರ, ತೂಕ ಇಳಿಸಿದಿರಾ ಎಂದು ಕೇಳಿದರು. ಇಳಿಸಿಲ್ಲ.

ಉಳಿದದ್ದು ಒಂದು ಪ್ರಶ್ನೆ. ಕಚೇರಿಯ ಪರಿಚಯಪುಟದಲ್ಲಿ ನನ್ನ ಒಂಬತ್ತು ವರ್ಷ ಹಳೆಯ, ಕಪ್ಪು ಕೂದಲಿನ ಚಿತ್ರವಿದೆ. ಅದನ್ನು ಈಗಲೇ ಬದಲಿಸಬೇಕೇ, ಅಥವಾ ಈ ಹೊಸ ತಲೆಗೆ ನಾನೇ ಒಗ್ಗಿಕೊಳ್ಳುವವರೆಗೆ ಕಾಯಬೇಕೇ?

ನಾಲ್ಕನೆಯ ಉತ್ತರ ಬರೆದವರು

ಈ ವಾರವೇ ಬದಲಿಸಿ. ಗ್ರಾಹಕರು ಸಭೆಗೆ ಮುನ್ನ ಆ ಚಿತ್ರವನ್ನು ನೋಡಿರುತ್ತಾರೆ. ನೀವು ಕೋಣೆಗೆ ಬಂದಾಗ ಅವರು ಅದೇ ಮುಖವನ್ನು ಗುರುತಿಸುವಂತಿರಬೇಕು. ತಲೆಯ ಮೇಲಿನ ದೀಪದ ಕೆಳಗೆ ತೆಗೆಸಬೇಡಿ, ನೆತ್ತಿ ಹೊಳೆದು ಕಣ್ಣಿನ ಕೆಳಗೆ ನೆರಳು ಬೀಳುತ್ತದೆ. ಹಗಲಿನಲ್ಲಿ ಕಿಟಕಿಗೆ ಮುಖಮಾಡಿ ನಿಂತು, ಕ್ಯಾಮೆರಾ ಕಣ್ಣಿನ ಎತ್ತರದಲ್ಲಿರುವಂತೆ ನೋಡಿಕೊಳ್ಳಿ. ಹೆಗಲು ಸರಿಯಿದ್ದ ಆ ನಾಲ್ಕು ಅಂಗಿಗಳಲ್ಲಿ ತಿಳಿನೀಲಿ ಇದ್ದರೆ ಅದನ್ನೇ ತೊಡಿ.